ಮೀನಿನ ತೊಟ್ಟಿ ಸೋರುತ್ತಿದೆಯೇ?

ನಡುಮನೆಯಲ್ಲಿ ಗಾಜಿನ ಅಕ್ವೇರಿಯಂ ಇಟ್ಟವರಿಗೆಲ್ಲ ಒಂದಲ್ಲ ಒಂದು ದಿನ ಈ ಪಾಡು ತಪ್ಪಿದ್ದಲ್ಲ. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಯ ಕೆಳಗೆ ನೀರೋ ನೀರು. "ಹಳೇದಾಯ್ತು, ಬಿಸಾಕು" ಅನ್ನುತ್ತಾರೆ ಯಜಮಾನರು. ಮಕ್ಕಳದ್ದು ಅಳುಮುಖ. ಗಾಜು ಬಿರುಕು ಬಿಟ್ಟಿಲ್ಲವೆಂದರೆ ಬಿಸಾಡಬೇಕಾಗಿಲ್ಲ ಗೆಳತಿಯರೇ. ರಿಪೇರಿ ಕಷ್ಟವಲ್ಲ, ಕಾಯುವುದೇ ಕಷ್ಟ. ಆತುರಪಟ್ಟರೆ ಹೋಗುವುದು ಮೀನುಗಳ ಜೀವ.

ಮೊದಲು ಪಂಪು, ದೀಪ ಎಲ್ಲದರ ಪ್ಲಗ್ಗು ಕಿತ್ತು ಆಮೇಲೆ ನೀರಿಗೆ ಕೈ ಹಾಕಿ. ಇದು ನಿಜವಾದ ಸೋರಿಕೆಯೇ ಎಂದೂ ನೋಡಿಕೊಳ್ಳಿ. ಗಾಳಿಯ ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕರೆಂಟು ಹೋದಾಗ ಕೊಳವೆಯಲ್ಲೇ ನೀರು ವಾಪಸು ಹರಿದು ಬರುವುದುಂಟು. ಹಾಗಿದ್ದರೆ ಪಂಪನ್ನು ಎತ್ತರದಲ್ಲಿಟ್ಟರೆ ಸಾಕು.

ಸೋರಿಕೆಯೇ ಆದರೆ ಒಂದು ದೊಡ್ಡ ಬಕೆಟ್ಟಿಗೆ ತೊಟ್ಟಿಯ ನೀರನ್ನೇ ತುಂಬಿ ಮೀನುಗಳನ್ನು ಬಿಡಿ. ಈ ಬಕೆಟ್ಟಿಗೆ ಸೋಪು ಸೋಕಿರಬಾರದು. ಗಾಳಿಯ ಕೊಳವೆ, ಫಿಲ್ಟರಿನ ಸ್ಪಂಜು ಎರಡೂ ಇದರಲ್ಲೇ ನಡೆಯಲಿ. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ. ಮೀನಿನ ಹೊಲಸನ್ನು ಕರಗಿಸುವ ಒಳ್ಳೆಯ ಸೂಕ್ಷ್ಮಜೀವಿಗಳು ಅದರಲ್ಲೇ ಇರುತ್ತವೆ, ನಲ್ಲಿ ನೀರಿನ ಕ್ಲೋರಿನ್‌ಗೆ ಸಾಯುತ್ತವೆ. ಬಕೆಟ್ಟಿನ ಮೇಲೆ ತೆಳು ಬಟ್ಟೆ ಕಟ್ಟಿ, ಬೆಕ್ಕಿದ್ದ ಮನೆಯಲ್ಲಂತೂ ಮರೆಯಬೇಡಿ. ಎರಡು ಮೂರು ದಿನ ಆಹಾರ ಹಾಕದಿದ್ದರೂ ದೊಡ್ಡ ಮೀನುಗಳಿಗೆ ಏನೂ ಆಗುವುದಿಲ್ಲ.

ತೊಟ್ಟಿಯ ನೀರು ಎಲ್ಲಿಯವರೆಗೆ ಇಳಿದು ನಿಲ್ಲುತ್ತದೋ ಆ ಮಟ್ಟದಲ್ಲೇ ಸೋರಿಕೆ. ಅಲ್ಲಿ ಗುರುತು ಮಾಡಿ ಪೂರ್ತಿ ಖಾಲಿ ಮಾಡಿ. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿ ತುಂಬಿದರೆ ನೀರೇ 54 ಕಿಲೋ, ಆದ್ದರಿಂದ ನೀರಿದ್ದಾಗ ಎತ್ತಲು ಹೋಗಬೇಡಿ.

ಹೊರಗಿನಿಂದ ಅಂಟು ಮೆತ್ತಿದರೆ ಒಳಗಿನ ನೀರು ಅದನ್ನು ತಳ್ಳಿ ಕಿತ್ತುಹಾಕುತ್ತದೆ. ಒಳಗಿನಿಂದ ಹಚ್ಚಿದರೆ ಅದೇ ನೀರು ಒತ್ತಿ ಹಿಡಿಯುತ್ತದೆ. ಹೊಸ ಸಿಲಿಕೋನ್ ಹಳೆಯದರ ಮೇಲೆ ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಒಳಮೂಲೆಯ ಹಳೇ ಅಂಟನ್ನು ಬ್ಲೇಡಿನಿಂದ ಹೆರೆದು ತೆಗೆಯಿರಿ. ಎರಡು ಗಾಜುಗಳ ನಡುವಿನ ಅಂಟನ್ನು ಮಾತ್ರ ಮುಟ್ಟಬೇಡಿ, ತೊಟ್ಟಿಯೇ ಬಿಚ್ಚಿಕೊಂಡೀತು. ಆಮೇಲೆ ಸ್ಪಿರಿಟಿನಿಂದ ಒರೆಸಿ ಚೆನ್ನಾಗಿ ಒಣಗಿಸಿ.

ಅಂಗಡಿಯಲ್ಲಿ ಅಕ್ವೇರಿಯಂಗೆಂದೇ ಬರೆದಿರುವ ಸಿಲಿಕೋನ್ ಟ್ಯೂಬು ಕೇಳಿ ತನ್ನಿ. ಬಚ್ಚಲಮನೆಗೆ ಹಚ್ಚುವಂಥದ್ದರಲ್ಲಿ ಬೂಷ್ಟು ತಡೆಯುವ ಔಷಧಿ ಸೇರಿರುತ್ತದೆ, ಮೀನಿಗೆ ಅದು ವಿಷ. ಮೂಲೆಯುದ್ದಕ್ಕೂ ಒಂದೇ ಎಳೆಯಾಗಿ ಹಚ್ಚಿ, ಒದ್ದೆ ಬೆರಳಿನಿಂದ ತಕ್ಷಣ ಒತ್ತಿ ಸವರಿ. ಕಿಟಕಿ ತೆರೆದಿರಲಿ. ಒಣಗುವಾಗ ವಿನಿಗರ್‌ನಂಥ ಹುಳಿ ವಾಸನೆ ಬರುತ್ತದೆ.

ಈಗ ಕೈ ಕಟ್ಟಿ ಕೂರಬೇಕು! ಮುಟ್ಟಿದರೆ ಗಟ್ಟಿಯಾದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ಕಡಿಮೆಯೆಂದರೆ 48 ಗಂಟೆ ಬಿಡಿ, ಹುಳಿ ವಾಸನೆ ಪೂರ್ತಿ ಹೋಗುವ ತನಕ. ಅಷ್ಟರಲ್ಲಿ ದಿನವೂ ಬಕೆಟ್ಟಿನ ಕಾಲುಭಾಗ ನೀರು ತೆಗೆದು, ಹಿಂದಿನ ದಿನ ಹಿಡಿದು ತೆರೆದಿಟ್ಟ ನೀರು ಹಾಕಿ.

ತೊಟ್ಟಿಯ ಅಡಿಗೆ ಹಳೇ ಪೇಪರು ಹಾಸಿ, ಮೊದಲು ಅರ್ಧ, ಕೆಲವು ಗಂಟೆ ಬಿಟ್ಟು ಪೂರ್ತಿ ತುಂಬಿಸಿ. ಒಂದು ಹಗಲು ಒಂದು ರಾತ್ರಿ ಪೇಪರು ಒಣಗಿದ್ದರೆ ಗೆದ್ದಿರಿ. ಪರೀಕ್ಷೆಯ ನೀರು ಚೆಲ್ಲಿ, ತೊಟ್ಟಿಯನ್ನು ಅದರ ಜಾಗದಲ್ಲಿಟ್ಟು, ಹಳೆಯ ನೀರು, ತೆರೆದಿಟ್ಟ ನೀರು ಸೇರಿಸಿ ಮೀನು ಬಿಡಿ. ಸೋಮವಾರ ಹಚ್ಚಿದರೆ ಶುಕ್ರವಾರ ಮೀನುಗಳ ಗೃಹಪ್ರವೇಶ ಅನ್ನಿ.

ಇನ್ನೊಂದು ಮಾತು. ಮೇಜು ಒಂದು ಕಡೆ ತಗ್ಗಿದ್ದರೆ ಭಾರವೆಲ್ಲ ಒಂದೇ ಮೂಲೆಗೆ ಎಳೆದು ಅಂಟು ಮತ್ತೆ ಬಿಡುತ್ತದೆ. ಅಡಿಗೆ ಥರ್ಮೋಕೋಲ್ ಹಾಸಿ, ಮೇಜು ಸಮವಾಗಿದೆಯೇ ನೋಡಿಯೇ ತೊಟ್ಟಿ ಇಡಿ.