ಕಿವಿಗೂ ಒಂದು ಪಾಠ ಬೇಕು

"ಕನ್ನಡ ಮೀಡಿಯಂ ಮಕ್ಕಳಿಗೆ ಇದೆಲ್ಲ ಯಾಕೆ ಮಾಷ್ಟ್ರೇ?" ಪಾಶ್ಚಾತ್ಯ ಸಂಗೀತದ ಮಾತೆತ್ತಿದರೆ ನಮಗೆ ಎದುರಾಗುವ ಪ್ರಶ್ನೆ ಇದು. ಕೇಳುವವರಲ್ಲಿ ಹೆತ್ತವರೂ ಇದ್ದಾರೆ, ನಮ್ಮ ಅಧ್ಯಾಪಕ ಮಿತ್ರರೂ ಇದ್ದಾರೆ. ಆರ್ಕೆಸ್ಟ್ರಾ, ಸಿಂಫನಿ ಎಲ್ಲ ಇಂಗ್ಲಿಷ್ ಮೀಡಿಯಂನವರ ಸೊತ್ತು ಎಂದು ನಾವೇ ಗೆರೆ ಎಳೆದುಕೊಂಡು ಕೂತಿದ್ದೇವೆ. ಆ ಗೆರೆಯನ್ನು ಅಳಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಒಂದು ಉದಾಹರಣೆ ನೋಡೋಣ. ಇಟಲಿಯ ರೊಸ್ಸೀನಿ ರಚಿಸಿದ 'ವಿಲಿಯಂ ಟೆಲ್' ಒಪೆರಾ 1829ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿ ರಂಗಕ್ಕೆ ಬಂತು. ಮಗನ ತಲೆಯ ಮೇಲಿನ ಸೇಬಿಗೆ ಬಾಣ ಬಿಟ್ಟ ಸ್ವಿಸ್ ವೀರನ ಕಥೆ ಅದು. ಅದರ ಓವರ್ಚರ್ ಸುಮಾರು 12 ನಿಮಿಷದ್ದು. ಓವರ್ಚರ್ ಎಂದರೆ ಆರಂಭ. ಪರದೆ ಏಳುವ ಮೊದಲು ನುಡಿಸುವ ವಾದ್ಯಸಂಗೀತ. ಯಕ್ಷಗಾನಕ್ಕೆ ಮೊದಲು 'ಕೇಳಿ' ಬಾರಿಸುವುದನ್ನು ಬಲ್ಲ ಕಾಸರಗೋಡಿನ ಮಕ್ಕಳಿಗೆ ಇದನ್ನು ವಿವರಿಸಲು ಹೆಚ್ಚು ಹೊತ್ತು ಬೇಡ.

ಇದರಲ್ಲಿ ನಾಲ್ಕು ಭಾಗ. ಮೊದಲು ಐದು ಚೆಲ್ಲೋಗಳು ನಿಧಾನವಾಗಿ ಮಾತಾಡುತ್ತವೆ, ಬೆಳಗಿನ ಜಾವದಂತೆ. ಆಮೇಲೆ ಬಿರುಗಾಳಿ: ಪಿಟೀಲುಗಳ ಗುಸುಗುಸು, ಹನಿಮಳೆಯಂತೆ ಕೊಳಲಿನ ಜಾತಿಯ ವಾದ್ಯಗಳು, ಕೊನೆಗೆ ಇಡೀ ಆರ್ಕೆಸ್ಟ್ರಾದ ಆರ್ಭಟ. ಮಳೆ ನಿಂತ ಮೇಲೆ ದನಗಾಹಿಯ ಕರೆ. ಇದನ್ನು ನುಡಿಸುವುದು ಕೋರ್ ಆಂಗ್ಲೇ, ನಮ್ಮ ನಾಗಸ್ವರದಂತೆ ತುದಿಗೆ ಪೀಪಿ ಇರುವ ವಾದ್ಯ, ಜೊತೆಗೆ ಕೊಳಲು. ಕೊನೆಗೆ ತುತ್ತೂರಿಗಳ ಕೂಗಿನೊಂದಿಗೆ ಕುದುರೆ ಓಟದ ವೇಗ.

ಕೇಳಿಸುವಾಗ ಕಥೆಯನ್ನು ಮೊದಲೇ ಹೇಳಬಾರದು. ಒಮ್ಮೆ ಕಣ್ಣು ಮುಚ್ಚಿ ಸುಮ್ಮನೆ ಕೇಳಲಿ. ಎರಡನೆಯ ಬಾರಿ, ಏನಾದರೂ ಬದಲಾಯಿತು ಎನಿಸಿದಾಗ ಕೈ ಎತ್ತಲಿ. ವೇಗ ಬದಲಾಯಿತೋ, ದನಿಯ ಏರಿಳಿತವೋ, ವಾದ್ಯವೋ ಎಂದು ಆಗ ಕೇಳೋಣ. ಮೂರನೆಯ ಬಾರಿ ಹೆಸರು ಕೊಡೋಣ. ವೇಗಕ್ಕೆ ಟೆಂಪೋ. ಮೆಲುದನಿಗೆ ಪಿಯಾನೊ, ಜೋರು ದನಿಗೆ ಫೋರ್ತೆ, ಸ್ವಲ್ಪ ಸ್ವಲ್ಪವೇ ಏರುವುದಕ್ಕೆ ಕ್ರೆಶೆಂಡೊ. ನಡಿಗೆಯ ವೇಗಕ್ಕೆ ಅಂದಾಂತೆ, ಚುರುಕಿಗೆ ಅಲ್ಲೆಗ್ರೊ. ಒಂದೇ ಸ್ವರ ಚೆಲ್ಲೋದಲ್ಲಿ ಬೇರೆ, ತುತ್ತೂರಿಯಲ್ಲಿ ಬೇರೆ ಕೇಳಿಸುವ ಗುಣಕ್ಕೆ ನಾದಗುಣ ಎಂದರಾಯಿತು. ಚೆಂಡೆ ಯಾವುದು, ಮದ್ದಳೆ ಯಾವುದು ಎಂದು ಗುರುತಿಸುವ ಮಗುವಿಗೆ ಇದು ಆಗಲೇ ಗೊತ್ತು. ಹೆಸರು ಮಾತ್ರ ಹೊಸತು.

ಗಮನಿಸಿ, ಈ ಪದಗಳಲ್ಲಿ ಹೆಚ್ಚಿನವು ಇಟಾಲಿಯನ್ ಭಾಷೆಯವು. ಇಂಗ್ಲಿಷ್ ಮೀಡಿಯಂನ ಮಗುವಿಗೂ ಅವು ಪರಭಾಷೆಯೇ! ಇಲ್ಲಿ ಯಾರೂ ಯಾರಿಗಿಂತ ಮುಂದಿಲ್ಲ. ಮೇಲಾಗಿ, ಕನ್ನಡ ಬರೆದಂತೆ ಓದುವ ಭಾಷೆಯಾದ್ದರಿಂದ ನಮ್ಮ ಲಿಪಿಯಲ್ಲಿ ಅವು ಸಲೀಸಾಗಿ ಕೂರುತ್ತವೆ.

"ನಮ್ಮ ಸಂಗೀತವನ್ನೇ ಕಲಿಸಲು ಆಗುತ್ತಿಲ್ಲ, ಅವರದ್ದೇಕೆ?" ಎನ್ನುವವರ ಮಾತಿನಲ್ಲಿ ಹುರುಳಿದೆ. ನಮ್ಮ ಸಂಗೀತವನ್ನು ಖಂಡಿತ ಕಲಿಸಬೇಕು. ಆದರೆ ಐದು ಚೆಲ್ಲೋಗಳು ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರ ನುಡಿದು ಮೇಳವಾಗುವುದನ್ನು ಕೇಳಿದ ಮಗು, ಒಂದೇ ರಾಗ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವ ನಮ್ಮ ರೀತಿಯನ್ನೂ ಹೊಸದಾಗಿ ಕೇಳುತ್ತದೆ. ಒಂದು ಇನ್ನೊಂದನ್ನು ಕೆಡಿಸುವುದಿಲ್ಲ.

ಗಡಿನಾಡಿನಲ್ಲಿ ಭಾಷೆ ಉಳಿಸುವ ಗಡಿಬಿಡಿಯಲ್ಲಿ ನಾವು ಬಾಗಿಲು ಮುಚ್ಚಿಕೊಳ್ಳುತ್ತಿದ್ದೇವೆಯೇ ಎಂಬ ಅಳುಕು ನಮಗಿದೆ. ಕನ್ನಡ ಶಾಲೆಯಲ್ಲಿ ಲೋಕದ ವಿಚಾರಗಳು ಸಿಗುವುದಿಲ್ಲ ಎಂದು ಹೆತ್ತವರಿಗೆ ಅನಿಸಿದರೆ ಮಕ್ಕಳು ಇನ್ನೊಂದು ಶಾಲೆಯ ಬಸ್ಸು ಹತ್ತುತ್ತಾರೆ. ಆಗ ನಮ್ಮ ಹಕ್ಕೊತ್ತಾಯಗಳನ್ನು ಕೇಳಲು ಬೆಂಚುಗಳು ಮಾತ್ರ ಉಳಿದಾವು. ರೊಸ್ಸೀನಿಯ ಬಿರುಗಾಳಿಯನ್ನೂ ಕನ್ನಡದಲ್ಲೇ ವಿವರಿಸಬಹುದು ಎಂದು ತೋರಿಸಲು ಒಂದು ಮೊಬೈಲು, ಒಂದು ಸ್ಪೀಕರು, ಒಂದು ಪಿರಿಯಡ್ ಸಾಕು.

ಈ ವಾರ ಪ್ರಯತ್ನಿಸಿ ನೋಡೋಣವೇ?