ಅಂದಂದಿನ ಶ್ರದ್ಧೆ

ಪರೀಕ್ಷೆಗೆ ಹತ್ತು ದಿನಗಳಿರುವಾಗ ನಡುರಾತ್ರಿಯವರೆಗೆ ದೀಪ ಉರಿಸಿ ಓದುವವನನ್ನು ಕಂಡು ‘ಎಂತಹ ಶ್ರಮಜೀವಿ!’ ಎಂದು ನಾವು ಕೊಂಡಾಡುತ್ತೇವೆ. ಈ ಹೊಗಳಿಕೆ ಅವನಿಗೆ ಸಲ್ಲತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ. ಹತ್ತು ತಿಂಗಳ ಕೆಲಸವನ್ನು ಹತ್ತು ರಾತ್ರಿಗಳ ಮೇಲೆ ಹೇರುವುದು ಸಾಹಸವಾದೀತು, ಶ್ರದ್ಧೆಯಾಗಲಾರದು.

ಹಾಗೆಂದು ದಿನವೂ ಪುಸ್ತಕದ ಮುಂದೆ ಕುಳಿತ ಮಾತ್ರಕ್ಕೆ ಶ್ರದ್ಧೆ ಬಂದೀತೆ? ನನ್ನ ಬಾಲ್ಯದ ತಪ್ಪನ್ನೇ ಹೇಳುತ್ತೇನೆ. ನಿತ್ಯವೂ ಒಂದು ಪುಟ ಶುದ್ಧಬರಹವನ್ನು ಬರೆದೊಪ್ಪಿಸಬೇಕೆಂದು ಗುರುಗಳ ಅಪ್ಪಣೆಯಿತ್ತು. ನಾನು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಕೈ ಕಾಗದದ ಮೇಲಿದ್ದಾಗ ಮನಸ್ಸು ಮೈದಾನದಲ್ಲಿರುತ್ತಿತ್ತು. ವರ್ಷದ ಕೊನೆಗೆ ಗುರುಗಳು ಮೊದಲ ಪುಟವನ್ನೂ ಕಡೆಯ ಪುಟವನ್ನೂ ತೆರೆದು ತೋರಿಸಿದರು. ಎರಡರಲ್ಲಿಯೂ ‘ವಿದ್ಯಾರ್ಥಿ’ಯು ‘ವಿದ್ಯಾರ್ತಿ’ಯಾಗಿಯೇ ಉಳಿದಿದ್ದನು! ಗುರುಗಳು ಗದರಿಸಲಿಲ್ಲ, ನಕ್ಕರು. ಗದರಿಸಿದ್ದರೆ ಎಷ್ಟೋ ಸುಖವಾಗುತ್ತಿತ್ತು.

ಕನ್ನಡದ ಮನೆಯಲ್ಲಿಯೇ ಹುಟ್ಟಿದವನ ಸ್ಥಿತಿ ಇದು. ಇನ್ನು 1853ರಲ್ಲಿ ನಮ್ಮ ನಾಡಿಗೆ ಬಂದ ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟ್ಟೆಲ್ಲರನ್ನು ನೋಡಿರಿ. ಕನ್ನಡ ಅವರಿಗೆ ತಾಯಿ ಕಲಿಸಿದ ನುಡಿಯಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅರ್ಥ ಕೊಟ್ಟು ಸುಮ್ಮನಾಗದೆ, ಎಷ್ಟೋ ಶಬ್ದಗಳು ಕಾವ್ಯಗಳಲ್ಲಿಯೂ ಗಾದೆಗಳಲ್ಲಿಯೂ ಬಳಕೆಯಾದ ಬಗೆಯನ್ನು ಅವರು ಹುಡುಕಿ ತೋರಿಸಿದ್ದಾರೆ. ದಿನಕ್ಕೆ ಹತ್ತು ಶಬ್ದಗಳಂತೆ, ಹಬ್ಬವೆನ್ನದೆ ಜ್ವರವೆನ್ನದೆ ಬರೆದರೂ ಅಷ್ಟು ಶಬ್ದಗಳಿಗೆ 19 ವರ್ಷಗಳು ಸಾಲವು; ಗಣಿತ ಬಲ್ಲವರು ಲೆಕ್ಕ ಹಾಕಿ ನೋಡಬಹುದು. ಇದು ರಾತ್ರಿ ಬೆಳಗಾಗುವುದರೊಳಗೆ ಮುಗಿಯುವ ಕೆಲಸವಲ್ಲ. ಅಷ್ಟೇ ಅಲ್ಲ, ಆ ಹತ್ತರಲ್ಲಿ ಒಂದೊಂದನ್ನೂ ಮನಸ್ಸಿಟ್ಟು ನೋಡದೆ ಹೋಗಿದ್ದರೆ ಆ ಮಹಾಗ್ರಂಥವೂ ನನ್ನ ಶುದ್ಧಬರಹದ ಪುಸ್ತಕದಂತೆಯೇ ಆಗುತ್ತಿತ್ತು.

ಅಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. ನಮ್ಮ ಈ ಮುಂಬಯಿಯಲ್ಲಿಯೇ ಹಗಲೆಲ್ಲ ಹೊಟೇಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹುಡುಗರ ಸಂಗತಿಯನ್ನು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಎಳೆಯರು ಅಷ್ಟು ದಣಿಯಬೇಕಾಗಿ ಬಂದುದು ಕೊಂಡಾಡತಕ್ಕ ವಿಷಯವೇನೂ ಅಲ್ಲ. ಅದು ಬಡತನದ ಕ್ರೌರ್ಯ. ನಾನು ಹೇಳುವುದು ಬೇರೊಂದು ಮಾತು. ಕಣ್ಣೆಳೆಯುತ್ತಿದ್ದರೂ ಅವರು ಅಂದಿನ ಪಾಠವನ್ನು ಅಂದೇ ಗ್ರಹಿಸಿಕೊಳ್ಳಬೇಕಾಗಿತ್ತು. ‘ನಾಳೆ ಓದಿದರಾಯಿತು’ ಎನ್ನುವ ಸೌಕರ್ಯ ಅವರಿಗಿರಲಿಲ್ಲ. ನಮಗೆ ಆ ಸೌಕರ್ಯವಿದೆ. ನಮ್ಮನ್ನು ಕೆಡಿಸುತ್ತಿರುವುದೂ ಅದೇ.

‘ನಮ್ಮನ್ನು’ ಎಂದು ಸುಮ್ಮನೆ ಬರೆಯಲಿಲ್ಲ. ಸಂಪಾದಕರು ಈ ಲೇಖನವನ್ನು ಕೇಳಿ ಒಂದು ತಿಂಗಳಾಯಿತು. ನಾನು ಬರೆಯಲು ಕುಳಿತುದು ನಿನ್ನೆ ರಾತ್ರಿ. ‘ವಿದ್ಯಾರ್ಥಿ’ ಎಂದಿರುವಲ್ಲಿ ಮಾತ್ರ ಎರಡು ಸಲ ಕಣ್ಣಾಡಿಸಿದ್ದೇನೆ.