ಎಷ್ಟು ಫೋನ್ ಕೇಳಿದಿರಿ? ಸಂಖ್ಯೆನಾದ್ರೂ ಹೇಳ್ರಿ

ಗುಪ್ತಚರ ಇಲಾಖೆ ಅಂದ ಕೂಡಲೇ ನಮ್ಮಲ್ಲಿ ಬಹಳ ಜನ "ಅದು ದೆಹಲಿ ವಿಷಯ, ಆಳಂದ, ಅಫಜಲಪುರ, ಜೇವರ್ಗಿ ಹುಡುಗರಿಗೇನು ಸಂಬಂಧ?" ಅಂತಾರೆ. ಸಂಬಂಧ ಇದೆ.

2023ರ ಚುನಾವಣೆಗೆ ಮುಂಚೆ ಆಳಂದದಲ್ಲಿ ಮತದಾರರ ಹೆಸರು ತೆಗೆಯಿರಿ ಅಂತ 6,018 ಅರ್ಜಿ ಆನ್‌ಲೈನ್‌ನಲ್ಲಿ ಬಂದವು. ಪರಿಶೀಲಿಸಿದಾಗ ಸರಿ ಇದ್ದದ್ದು ಬರೀ 24 ಅಂತ ಚುನಾವಣಾ ಆಯೋಗವೇ ಹೇಳಿತು. ಮತದಾರರ ಪಟ್ಟಿಯಾದರೂ ಎಲ್ಲರಿಗೂ ಕಾಣುತ್ತೆ. ಫೋನ್ ಕದ್ದಾಲಿಕೆಗೆ ಅಂಥ ಪಟ್ಟಿ ಇಲ್ಲ. ಕೇಳಿಸಿಕೊಂಡಿದ್ದು ನಮ್ಮ ಮಾತೇ ಆದರೂ ನಮಗೆ ತಿಳಿಯಲ್ಲ.

ಹಾಗಾಗಿ ಇಂಥ ವಿಷಯ ಹೊರಗೆ ಬರೋದು ಹೆಚ್ಚಾಗಿ ಪತ್ರಕರ್ತರು ಕೆದಕಿದಾಗಲೇ. 1988ರಲ್ಲಿ ಫೋನ್ ಕದ್ದಾಲಿಕೆ ದೊಡ್ಡ ಸುದ್ದಿಯಾದ ಮೇಲೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. 2021ರಲ್ಲಿ ಹಲವು ದೇಶಗಳ ಪತ್ರಿಕೆಗಳು ಸೇರಿ ಪೆಗಾಸಸ್ ಸುದ್ದಿ ಹೊರತಂದವು. ಸುಪ್ರೀಂ ಕೋರ್ಟ್ ಸಮಿತಿ 29 ಫೋನ್ ನೋಡಿತು. 5ರಲ್ಲಿ ಮಾಲ್‌ವೇರ್ ಸಿಕ್ಕಿತು, ಅದು ಪೆಗಾಸಸ್ಸೇ ಅಂತ ಸಾಬೀತಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಅಂತ ಸಮಿತಿ ಹೇಳಿದ್ದನ್ನು ಕೋರ್ಟೇ ತಿಳಿಸಿತು.

ನಿಯಮ ಇಲ್ಲ ಅಂತಲ್ಲ. 1996ರಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಯಮ ಹಾಕಿತು. ರಾಜ್ಯದಲ್ಲಿ ಗೃಹ ಕಾರ್ಯದರ್ಶಿ ಅನುಮತಿ ಕೊಡಬೇಕು, ಮುಖ್ಯ ಕಾರ್ಯದರ್ಶಿಗಳ ಸಮಿತಿ ಪರಿಶೀಲಿಸಬೇಕು. ಆದರೆ ಒಪ್ಪೋರೂ ಅಧಿಕಾರಿಗಳು, ತಪಾಸಣೆ ಮಾಡೋರೂ ಅಧಿಕಾರಿಗಳು. ನಮ್ಮ ಲ್ಯಾಬ್ ರೆಕಾರ್ಡಿಗೆ ನಾವೇ ಮಾರ್ಕ್ಸ್ ಹಾಕ್ಕೊಂಡಂಗ! ಐಬಿ, ರಾ ಅಂತೂ 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ, ಉತ್ತರವನ್ನೇ ಕೊಡಬೇಕಾಗಿಲ್ಲ.

"ಎಲ್ಲಾ ಬಹಿರಂಗ ಮಾಡಿದರೆ ಉಗ್ರರಿಗೆ ಅನುಕೂಲ ಆಗಲ್ವಾ?" ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಹೆಸರು ಬೇಡ, ನಡೀತಿರೋ ತನಿಖೆಯೂ ಬೇಡ. ವರ್ಷಕ್ಕೆ ಎಷ್ಟು ಅನುಮತಿ ಕೊಟ್ಟರು, ಸಮಿತಿ ಎಷ್ಟನ್ನು ತಪ್ಪು ಅಂತ ರದ್ದು ಮಾಡಿತು, ಇಷ್ಟು ಸಾಕು. ಬ್ರಿಟನ್‌ನಲ್ಲಿ ಸ್ವತಂತ್ರ ಆಯುಕ್ತರ ವಾರ್ಷಿಕ ವರದಿಯಲ್ಲಿ ವಾರಂಟ್‌ಗಳ ಸಂಖ್ಯೆ ಅಚ್ಚಾಗುತ್ತೆ. ಅದರಿಂದ ಅಲ್ಲಿನ ಗುಪ್ತಚರ ಸಂಸ್ಥೆಗಳೇನೂ ಬಾಗಿಲು ಹಾಕಿಲ್ಲ.

ಸಂಖ್ಯೆ ಸಿಕ್ಕರೆ ಪತ್ರಕರ್ತರಿಗೂ ಗಾಳಿಸುದ್ದಿ ಬೆನ್ನು ಹತ್ತೋದು ತಪ್ಪುತ್ತೆ. ಈ ವರ್ಷ ಯಾಕೆ ಜಾಸ್ತಿ ಆಯ್ತು ಅಂತ ನೇರವಾಗಿ ಕೇಳಬಹುದು. ಮೊದಲ ಹೆಜ್ಜೆ ನಮ್ಮ ಕಡೆಯಿಂದಲೇ ಆಗಲಿ. ಆಳಂದ, ಅಫಜಲಪುರ, ಜೇವರ್ಗಿ ಶಾಸಕರು ವಿಧಾನಸಭೆಯಲ್ಲಿ ಇದೊಂದೇ ಪ್ರಶ್ನೆ ಕೇಳಲಿ: ಹೋದ ವರ್ಷ ಗೃಹ ಇಲಾಖೆ ಎಷ್ಟು ಫೋನ್ ಕೇಳೋಕೆ ಅನುಮತಿ ಕೊಟ್ಟಿತು? ಕೇಳ್ರಿ ಅಂತ ಅವರಿಗೆ ಪತ್ರ ಬರೆಯೋದು ನಮ್ಮ ಕೆಲಸ.